ಬಂಡೆಯ ಸಿಂಬಳ

ವಿಭಾಗದ ಬಾಗಿಲಿಗೆ ಅಂಟಿಸಿದ ಹಳದಿ ಹಾಳೆ:
ಸ್ನಾತಕೋತ್ತರ ಸಂಶೋಧನೆಗೆ ಒಬ್ಬರು ಬೇಕು,
ಎರಡು ವರ್ಷ, ಸಣ್ಣ ವೇತನ,
ಹಿಮ ಕರಗಿದ ನೀರಲ್ಲಿ ಸೊಂಟದವರೆಗೆ ನಿಲ್ಲಬಲ್ಲವರು.
ಕೆಳಗೆ ಯಾರೋ ಪೆನ್ಸಿಲಿನಲ್ಲಿ ಸೇರಿಸಿದ್ದರು:
ಸಿಂಬಳಕ್ಕೆ ಹೇಸದವರು.

ನಾನು ಹೇಸುವವಳಲ್ಲ. ಅರ್ಜಿ ಹಾಕಿದೆ.
ಡಾಕ್ಟರ್ ಇಲ್ಸೆ ಕೇಳಿದ್ದು ಒಂದೇ ಪ್ರಶ್ನೆ:
'ಯಾಸ್ನಾ, ಪಾಲ್ಕಿನ್ ಹೊಳೆ ಗೊತ್ತೇ?'
ಗೊತ್ತೇ ಅಂದರೆ?
ನನ್ನ ಮೊದಲ ಹಾಲುಹಲ್ಲು ಉದುರಿದ್ದೇ ಅಲ್ಲಿ,
ಅಪ್ಪನ ದೋಣಿಯ ಹುಟ್ಟು ತಾಗಿ.

ಹುಣಸೆ ಗಾತ್ರದ ಕಲ್ಲಿಗೂ ಈಗ ಕಂದು ಜಡೆ.
ಕಣ್ಣಿಗೆ ಲೋಳೆ,
ಕೈಗೆ ಒದ್ದೆ ಉಣ್ಣೆ.
ಬಂಡೆಯ ಸಿಂಬಳ ಎಂದು ಹೆಸರಿಟ್ಟವರು
ಮುಟ್ಟಿ ನೋಡಿರಲಿಲ್ಲ.

ಮಸೂರದಡಿ ಅದು ಗಾಜಿನ ಪುಟ್ಟ ಸೀಸೆ,
ನಡು ಸಪೂರ, ತಲೆ ಬುಡ ದುಂಡು,
ಇಷ್ಟು ಚೆಂದದ್ದನ್ನು ದ್ವೇಷಿಸಲು
ನನಗೆ ಒಂದು ಚಳಿಗಾಲವೇ ಹಿಡಿಯಿತು.
ಕೊಳಕು ನೀರನ್ನು ಒಲ್ಲದು ಇದು.
ತಿಳಿಯಾದ, ತಣ್ಣನೆಯ, ಬಡ ನೀರೇ ಬೇಕು;
ರಂಜಕ ಕಮ್ಮಿಯಾದಷ್ಟೂ
ಮರಿ ಹಾಕುವುದ ಬಿಟ್ಟು
ಕಾಲನ್ನೇ ನೀಳ ಮಾಡುತ್ತ ಹೋಗುತ್ತದೆ.
ಹೊಳೆ ತುಂಬ ಹಾಸಿದ್ದು ಹೊಟ್ಟೆಯಲ್ಲ,
ಹಸಿವು.

ಅಪ್ಪ, ನಿಬಾಲ್ದೊ, ಮೀನು ಹಿಡಿಯಲು ಬರುವ
ದೂರದೇಶದವರಿಗೆ ದಾರಿ ತೋರುವವನು.
'ಸಾಲ್ಮನ್ ಕಂಪನಿಯವರದೇ ಕೆಲಸ' ಎಂದು
ಪ್ರತಿ ಭಾನುವಾರ ಬ್ರೆಡ್ಡು ಮುರಿಯುತ್ತ ಬಯ್ಯುವನು.
ನಾನೂ ಹೂಂಗುಟ್ಟಿದೆ, ನಕ್ಷೆ ಬರೆಯುವವರೆಗೆ.
ಚುಕ್ಕೆಗಳು ಕೆಳಗಿನಿಂದ ಮೇಲಕ್ಕೆ ಹತ್ತಿರಲಿಲ್ಲ.
ಎಲ್ಲಕ್ಕಿಂತ ಹಳೆಯ ಚುಕ್ಕೆ
ನಮ್ಮ ದೋಣಿಕಟ್ಟೆಯ ಮಗ್ಗುಲಲ್ಲಿ;
ಅದರ ಮೇಲೆ ಕಂಪನಿಯಿಲ್ಲ, ಊರಿಲ್ಲ,
ಒಂದೇ ದೋಣಿ.

ಕೊಟ್ಟಿಗೆಯಲ್ಲಿ ಮೊಳೆಗೆ ನೇತಿದ್ದವು
ಯಾರೋ ಗಿರಾಕಿ ಮೆಚ್ಚಿ ಬಿಟ್ಟುಹೋದ ಬೂಟು,
ಜಾರಬಾರದೆಂದು ತಳಕ್ಕೆ ದಪ್ಪ ಉಣ್ಣೆ,
ಒಳಗೆ ಇನ್ನೂ ಹಸಿ.
ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದೆ
ಕಳ್ಳಿಯ ಹಾಗೆ, ಅಪ್ಪ ಮಲಗಿದ ಮೇಲೆ.

ಸೀಸೆಗಳಿದ್ದವು.
ಸತ್ತರೂ ಗಾಜು ಕರಗುವುದಿಲ್ಲವಲ್ಲ.
ಇದು ಸಾಕ್ಷಿಯಲ್ಲ, ನನಗೂ ಗೊತ್ತು:
ಬೂಟು ಹೊಳೆಗೆ ಕೊಟ್ಟಿತೋ
ಹೊಳೆ ಬೂಟಿಗೆ ಕೊಟ್ಟಿತೋ
ಯಾವ ಮಸೂರವೂ ಹೇಳದು.
ಡಾಕ್ಟರ್ ಇಲ್ಸೆ ಅದನ್ನೇ ಬರೆಯಿಸಿದರು,
'ತಿಳಿಯದು' ಎಂಬುದಕ್ಕೆ ಒಂದು ಇಡೀ ಪುಟ.

ಕರಡು ಪ್ರತಿಯನ್ನು ಅಪ್ಪನ ಮುಂದಿಟ್ಟೆ.
ಕನ್ನಡಕ ಹುಡುಕಿ, ಬೆರಳಿಟ್ಟು ಓದಿದ.
ಕಟ್ಟಿಗೆ ಒಲೆ ಎರಡು ಸಲ ಆರಿತು.
ಕಡೆಗೆ ನಕ್ಷೆಯ ಮೇಲೆ ಉಗುರು ನಿಂತಿತು:
'ತಾಣ ಒಂದು ಅಂದರೆ ಯಾರಿಗೆ ತಿಳಿದೀತು?
ನಿಬಾಲ್ದೊನ ಕಟ್ಟೆ ಅಂತ ಬರಿ.
ಎಲ್ಲರೂ ಹಾಗೇ ಕರೆಯೋದು.'

ಆಮೇಲೆ ಮಾತಿಲ್ಲ.
ಕೊಟ್ಟಿಗೆಗೆ ಹೋಗಿ ಬೂಟು ತಂದ,
ಮೀನು ಸೀಳುವ ಚೂರಿಯಿಂದ
ಎರಡೂ ತಳ ಕಿತ್ತು ಒಲೆಗೆ ತುರುಕಿದ.

ಹಸಿ ಉಣ್ಣೆ ಹೊತ್ತಲಿಲ್ಲ.
ಕಣ್ಣುರಿಸುತ್ತ ರಾತ್ರಿಯಿಡೀ ಹೊಗೆಯಾಡಿತು,
ಬಾಗಿಲು ತೆರೆದಿಟ್ಟೆವು,
ಚಳಿಯಲ್ಲಿ ಇಬ್ಬರೂ ಕೋಟು ಹೊದ್ದು ಕೂತೆವು,
ಮನೆಯೆಲ್ಲ ಹೊಳೆಯ ವಾಸನೆ.