ಇತರೆ

ಎಲಿಸೆಯೊನ ತಂಗಿ ಶಾಲೆ ಮುಗಿಸಿದಾಗ ಉಳಿದದ್ದು
ರೇಖಾಗಣಿತದ ಒಂದು ನೋಟುಬುಕ್ಕು.
ಮುಂದಿನಿಂದ ತ್ರಿಕೋನಗಳು, ಹಿಂದಿನಿಂದ ನಮ್ಮ ಸಂಸಾರ.
ಅಳತೆಪಟ್ಟಿ ಇಟ್ಟು ನಾನೇ ಗೆರೆ ಎಳೆದೆ:
ಬಾಡಿಗೆ, ನೀರು, ಕರೆಂಟು, ಗ್ಯಾಸು, ಬಸ್ಸು.
ಕೊನೆಗೆ ಒಂದಿಷ್ಟು ಜಾಗ ಮಿಕ್ಕಿತು,
ಖಾಲಿ ಬಿಡಬಾರದೆಂದು ಬರೆದೆ: ಇತರೆ.

ನಮ್ಮ ದುಡ್ಡಿಗೆ ಸೊನ್ನೆಗಳು ಬಹಳ.
ಪೆಸೊ ಎಣಿಸುವಾಗ ಒಂದು ಗಳಿಗೆ
ಇಬ್ಬರೂ ಸಾಹುಕಾರರಾದ ಹಾಗೆ;
ಕೂಡಿ, ಕಳೆದು, ಅಡಿಗೆರೆ ಹಾಕಿದ ಮೇಲೆ
ಉಳಿಯುವುದೂ ಸೊನ್ನೆಯೇ, ಅದೂ ಒಂಟಿ.

ವಾಲ್ಪರೈಸೊದ ಈ ಗುಡ್ಡಕ್ಕೆ ನೂರ ಅರವತ್ತೆರಡು ಮೆಟ್ಟಿಲು.
ಗ್ಯಾಸಿನ ಹುಡುಗ ಕೆಳಗೆ ಬೀದಿಯಲ್ಲಿ
ಸಿಲಿಂಡರಿಗೆ ಕಬ್ಬಿಣ ಬಡಿದು ಕರೆಯುತ್ತಾನೆ,
ಮೇಲೆ ತರಬೇಕಾದರೆ ಮೆಟ್ಟಿಲಿಗೆ ಬೇರೆ ಲೆಕ್ಕ.
ಎಲಿಸೆಯೊ ತಾನೇ ಹೊತ್ತು ತರುತ್ತಾನೆ,
ಬಂದರಿನಲ್ಲಿ ರಾತ್ರಿಯಿಡೀ ಕಂಟೈನರ್ ಎಣಿಸಿ ಬಂದವನು.
"ಉಳಿತಾಯ," ಅನ್ನುತ್ತಾನೆ ಬಾಗಿಲಲ್ಲಿ, "ಬರಿ, ಬರಿ."
ಏದುಸಿರನ್ನು ಯಾವ ಅಂಕಣದಲ್ಲಿ ಬರೆಯಲಿ?

ಹಾಸಿಗೆ ಅವನಿಗೆ ಒಂದು ಗೇಣು ಗಿಡ್ಡ.
ಕೊಳ್ಳುವಾಗ ನನ್ನನ್ನಷ್ಟೇ ಅಳೆದುಕೊಂಡಿದ್ದೆ.
ಸೇಬಿನ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ತುದಿಗೆ ಸೇರಿಸಿದ್ದೇವೆ;
ರಜೆಯ ರಾತ್ರಿ ಅವನ ಹಿಮ್ಮಡಿ ಮರಕ್ಕೆ ಬಡಿದು
ಯಾರೋ ಬಾಗಿಲು ತಟ್ಟಿದ ಹಾಗಾಗಿ ಎದ್ದು ಕೂರುತ್ತೇನೆ.

ಬ್ರೆಡ್ಡಿಗೆ ಅಂಕಣ ಬೇಕಿಲ್ಲ, ನಾನು ಬೇಕರಿಯವಳು.
ಮಾರದೆ ಮಿಕ್ಕಿದ್ದು ಸಂಜೆಯ ಚಹಾದ ಜೊತೆ,
ಬೆಣ್ಣೆಹಣ್ಣು ಅಗ್ಗವಾದ ವಾರ ಹಬ್ಬ.

ಎರಡನೇ ತಿಂಗಳು ಕಣ್ಣಿಗೆ ಬಿತ್ತು:
ಐದನೇ ತಾರೀಕು, ಅವನ ಕೈಬರಹ, ಇತರೆ, ಹದಿನೆಂಟು ಸಾವಿರ.
ಮೂರನೇ ತಿಂಗಳೂ ಅದೇ ಐದು, ಅದೇ ಹದಿನೆಂಟು.
ಸಿಗರೇಟು ಬಿಟ್ಟಿದ್ದಾನೆ.
ಕುಡಿದರೆ ಹಾಡುತ್ತಾನೆ, ಹಾಡಿಲ್ಲ.
ಕೇಳಿದೆ. ಈರುಳ್ಳಿ ಹೆಚ್ಚುತ್ತಾ ಕೇಳಿದೆ,
ಕಣ್ಣಿಗೊಂದು ನೆಪ ಇರಲಿ ಅಂತ.

ಫ್ರಿಜ್ಜಂತೆ.
ಮೊದಲಿನವಳ ಜೊತೆ ಇದ್ದಾಗ ಕಂತಿನಲ್ಲಿ ಕೊಂಡದ್ದು.
ಅವಳು ಕಿಯೋಟಾಕ್ಕೆ ಹೊರಟಾಗ ಅದೂ ಲಾರಿ ಹತ್ತಿತು,
ಸಹಿ ಮಾತ್ರ ಇಲ್ಲೇ ಉಳಿಯಿತು.

ನಾವು ಬೆಣ್ಣೆಯನ್ನು ಕಿಟಕಿಯ ಹೊರಗೆ
ಸಮುದ್ರದ ಮಂಜಿಗೆ ಒಡ್ಡಿ ಇಡುತ್ತೇವೆ.
ನಾನು ಕಾಣದ ಅಡುಗೆಮನೆಯಲ್ಲಿ
ಬಿಳಿಯದೋ ಬೂದುಬಣ್ಣದ್ದೋ ಒಂದು ಫ್ರಿಜ್ಜು
ನಮ್ಮ ದುಡ್ಡಿನಲ್ಲಿ ಗುಂಯ್‌ಗುಟ್ಟುತ್ತಾ
ಅವಳ ಹಾಲನ್ನು ಕಾಯುತ್ತಿದೆ.

ಎರಡು ದಿನ ಮಾತು ಬಿಟ್ಟೆ.
ಮಾತಿಗೆ ಖರ್ಚಿಲ್ಲ, ಬಿಟ್ಟರೆ ಉಳಿತಾಯವೂ ಇಲ್ಲ.
ಮೂರನೇ ದಿನ ಇತರೆಯ ಕೆಳಗೆ ಹೊಸ ಗೆರೆ ಎಳೆದೆ:
ಫ್ರಿಜ್ಜು, ಇನ್ನು ಏಳು ಕಂತು.
ನೋಡಿದ. ಏನೂ ಅನ್ನದೆ
ಆವತ್ತಿನ ಈರುಳ್ಳಿ ತಾನೇ ಹೆಚ್ಚಿದ.

ಈಗ ನನ್ನದು ಹೇಳುತ್ತೇನೆ, ಅವನಿಗಲ್ಲ.
ಹೊರಡುವ ದಿನ ಓವಾಯೆಯ ಬಸ್ ನಿಲ್ದಾಣದಲ್ಲಿ ಅಮ್ಮ,
"ಯಾಸ್ನಾ, ವಾಪಸು ಬರುವ ಚಾರ್ಜು ಮೈಮೇಲಿರಲಿ,
ಚೆನ್ನಾಗಿದ್ದಾಗಲೂ," ಅಂದಳು.
ಹಿಂದಿನ ರಾತ್ರಿಯೇ ನನ್ನ ಚಳಿಕೋಟಿನ ಅಂಚಿನೊಳಗೆ
ನೋಟುಗಳನ್ನಿಟ್ಟು ಹೊಲಿದಿದ್ದಳು.
ಅದು ನಮ್ಮ ಯಾವ ಅಂಕಣದಲ್ಲೂ ಇಲ್ಲ.

ಜುಲೈ ಹತ್ತೊಂಬತ್ತು. ಗ್ಯಾಸು ಮುಗಿಯಿತು,
ಸಂಬಳಕ್ಕೆ ಇನ್ನೂ ಹನ್ನೊಂದು ದಿನ.
ಕೆಳಗೆ ಹುಡುಗ ಕಬ್ಬಿಣ ಬಡಿಯುತ್ತಿದ್ದಾನೆ.
ಎಲಿಸೆಯೊ ಸಿಲಿಂಡರನ್ನು ಅಲ್ಲಾಡಿಸಿದ,
ಮತ್ತೆ ಅಲ್ಲಾಡಿಸಿ ಕಿವಿಗೊಟ್ಟ,
ಒಳಗೆ ಯಾರೋ ಓಗೊಟ್ಟಾರು ಅನ್ನುವ ಹಾಗೆ.
ನಾನು ಕೋಣೆಗೆ ಹೋಗಿ
ಹಲ್ಲಿನಲ್ಲಿ ದಾರ ಕಡಿದೆ.

"ಹಳೇ ಕೋಟಿನಲ್ಲಿ ಸಿಕ್ಕಿತು ನೋಡು!"
ನಂಬಿದ. ಇಲ್ಲವೇ, ಬಿಚ್ಚಿದ ಅಂಚನ್ನು ನೋಡಿಯೂ ನಂಬಿದ.
ಸಿಲಿಂಡರು ಇಳಿಸಿಟ್ಟು, ಕೈ ಒರೆಸಿಕೊಂಡು,
ಆದಾಯದ ಕಡೆ ತಾನೇ ಬರೆದ: ಕೋಟು.

ಪೂರ್ತಿ ಕೊಟ್ಟಿರಲಿಲ್ಲ ನಾನು.
ಒಂದು ನೋಟು ಒಳಗೇ ಬಿಟ್ಟು ಮತ್ತೆ ಹೊಲಿದೆ.
ಓವಾಯೆ ತನಕ ಸಾಲದು ಅದು.
ಲೋಸ್ ವಿಲೋಸ್‌ಗೆ ಸಾಕು, ಅರ್ಧ ದಾರಿ,
ಬಸ್ಸು ಹತ್ತು ನಿಮಿಷ ನಿಲ್ಲುವ ಜಾಗ.
ಇಳಿದವರು ಚಹಾ ಕುಡಿದು,
ಆ ಕಡೆ ಒಮ್ಮೆ ಈ ಕಡೆ ಒಮ್ಮೆ ನೋಡಿ
ಮತ್ತೆ ಹತ್ತುತ್ತಾರೆ.