ಇದು ಕೊಟ್ರೇಶಿ ಹೇಳಿದ್ದು

ಮಂಡಿಪೇಟೆಯಲ್ಲಿ ಅಂಗಡಿ ಎತ್ತಿ ಬೇರೆ ಕಡೆ ಹೋಗುವವರು
ಹಳೆ ಶಟರಿನ ಮೇಲೆ ಒಂದು ಬಾಣ ಬರೆದು ಹೋಗುತ್ತಾರೆ.
ಬಾಣ ಎರಡು ಮಳೆಗಾಲ ಬಾಳುತ್ತದೆ.
ಆಮೇಲೆ ಗಿರಾಕಿಗಳು ಪಕ್ಕದ ಬೀಗದಂಗಡಿಯವನನ್ನು ಕೇಳುತ್ತಾರೆ.

ನಮ್ಮದು ಅಂಗಡಿಯಲ್ಲ.
ಹಳೆ ಫಾಂಟಿನ ಕನ್ನಡವನ್ನು ಯೂನಿಕೋಡಿಗೆ ದಾಟಿಸುವ
ಒಂದು ಸಣ್ಣ ಪ್ರೋಗ್ರಾಮು. ಯಾರು ಬೇಕಾದರೂ
ಬಿಚ್ಚಿ ನೋಡಬಹುದು, ತಿದ್ದಬಹುದು, ಒಯ್ಯಬಹುದು.
ಹುಟ್ಟಿದ್ದು ಈ ಡಿಟಿಪಿ ಕೋಣೆಯಲ್ಲೇ,
ಯಾರದೋ ಲಗ್ನಪತ್ರಿಕೆಯಲ್ಲಿ ಮದುಮಗಳು ಶರ್ಮಿಳಾ
'ಶಮಿ೯ಳಾ' ಆಗಿ, ಹೆಸರಿನ ನಡುವೆ ಒಂಬತ್ತು ಸಿಕ್ಕಿಕೊಂಡು
ಐನೂರು ಪ್ರತಿ ಅಚ್ಚಾಗಿಬಿಟ್ಟ ದಿನ.

ಆಮೇಲೆ ಅದಕ್ಕೆ ಕೈ ಹಚ್ಚಿದವರು ಹನ್ನೊಂದು ಜನ.
ಆರು ಮಂದಿಯ ಮುಖ ನಾನು ನೋಡಿಲ್ಲ.
ಭಾಷಾನಗರದ ಫಯಾಜ್, ಮಂಡಕ್ಕಿ ಭಟ್ಟಿಯ ಲೆಕ್ಕ ಬರೆದಾದ ಮೇಲೆ
ರಾತ್ರಿ ಹನ್ನೊಂದಕ್ಕೆ ಕೂತು ಒತ್ತಕ್ಷರ ತಿದ್ದುತ್ತಿದ್ದ.
ಹರಿಹರದ ಕೊಟ್ರೇಶಿ ತಿದ್ದುತ್ತಿರಲಿಲ್ಲ, ಜಗಳವಾಡುತ್ತಿದ್ದ.
ಅವನ ಜಗಳದಿಂದಲೇ ನಮ್ಮ ಅರ್ಧ ತಪ್ಪು ಸರಿಯಾದದ್ದು.

ಈ ವರ್ಷ ಹಳೆ ಜಾಗದ ಮಾಲೀಕರು ಬದಲಾದರು.
ಬಾಡಿಗೆ ಕೇಳಲಿಲ್ಲ; ಷರತ್ತು ಕಳಿಸಿದರು, ನಲವತ್ತು ಪುಟ.
ಹನ್ನೆರಡನೇ ಪುಟಕ್ಕೆ ನನಗೆ ಸಾಕೆನಿಸಿತು.
ಹೋಗೋಣ ಎಂದೆ. ಯಾರೂ ಬೇಡ ಅನ್ನಲಿಲ್ಲ.
ಹೂಂ ಅಂದವರೂ ಇಬ್ಬರೇ.

ಅಶೋಕ ಟಾಕೀಸ್ ಗೇಟು ಬಿದ್ದು ಏಳುವಷ್ಟರಲ್ಲಿ
ಒಂಬತ್ತು ವರ್ಷದ ಕೋಡು ಆಚೆ ದಾಟಿತ್ತು.
ಎರಡು ಸಾವಿರದ ಮುನ್ನೂರ ಹದಿನಾಲ್ಕು ಕಮಿಟ್,
ಒಂದೊಂದಕ್ಕೂ ಅದರದೇ ತಾರೀಖು, ಮಾಡಿದವರದೇ ಹೆಸರು.
'ಬೆಳಿಗ್ಗೆ ಮಾಡಿದ್ದು ತಪ್ಪು, ವಾಪಸ್ಸು' ಎಂಬುದೂ
ತಪ್ಪಿಸಿಕೊಳ್ಳದೆ ಬಂದಿತ್ತು.

ಬಾರದೆ ಉಳಿದದ್ದು ಮಾತು.
ದೂರು, ಉತ್ತರ, ಉತ್ತರಕ್ಕೆ ಉತ್ತರ, ಅವಕ್ಕೆ ಬೇರೆ ಗಾಡಿ.
ಅದೂ ಬಂತು ಮಧ್ಯರಾತ್ರಿಗೆ. ಆದರೆ ಎಲ್ಲವೂ
ಸಾಮಾನು ಇಳಿಸಿಕೊಂಡವಳ ಹೆಸರಿನಲ್ಲಿ!
ಫಯಾಜ್ ಕೇಳಿದ್ದು ನಾನು ಕೇಳಿದಂತೆ,
ನಾನು ಕೊಟ್ಟ ಉತ್ತರ ನನಗೇ ಕೊಟ್ಟಂತೆ.
'ಅರ್ಕಾವತ್ತು ಬಾಯಲ್ಲಿ ಮೊದಲು, ಬರಹದಲ್ಲಿ ಆಮೇಲೆ.
ಇಷ್ಟು ತಿಳಿಯದೆ ಯಾಕಮ್ಮಾ ಈ ಕೆಲಸಕ್ಕೆ ಕೈ ಹಚ್ಚಿದೆ?'
ಎಂದು ಕೊಟ್ರೇಶಿ ಬೈದದ್ದು
ಈಗ ನನ್ನ ಫೋಟೋದ ಪಕ್ಕ, ನನ್ನದೇ ದನಿಯಲ್ಲಿ.
ನಟರೆಲ್ಲ ಕೈಕೊಟ್ಟ ರಾತ್ರಿ
ಕಂಪನಿ ನಾಟಕದ ಒಬ್ಬಳೇ ಹೆಂಗಸು
ಮೀಸೆ ಬದಲಿಸಿ ಬದಲಿಸಿ ಆಡಿದ ಹಾಗೆ.

ಮೂರು ರಾತ್ರಿ ಕೂತೆ.
ಹಳೆ ಪುಟ ಒಂದು ಕಡೆ, ಹೊಸದು ಒಂದು ಕಡೆ,
ಪ್ರತಿ ಮಾತಿನ ತಲೆಯ ಮೇಲೂ ಬರೆದೆ:
ಇದು ಫಯಾಜ್ ಹೇಳಿದ್ದು.
ಇದು ಶಾಂತವೀರಮ್ಮ ಟೀಚರ್ ಕೇಳಿದ್ದು.
ಇದು ಕೊಟ್ರೇಶಿ ಹೇಳಿದ್ದು. ಇದೂ ಕೊಟ್ರೇಶಿ.
ಇದು ಯಾರೋ ಗೊತ್ತಿಲ್ಲ, ಖಾತೆ ಅಳಿಸಿ ಹೋದವರು;
ಹೇಳಿದ್ದು ಮಾತ್ರ ಸರಿಯಿತ್ತು.

ನಾಲ್ಕು ವರ್ಷದ ಹಿಂದಿನ ಒಂದು ಬುಧವಾರಕ್ಕೆ ಬಂದಾಗ
ಚಹಾ ಆರಿತ್ತು. ಅದೇ ಕೊನೆಯ ಜಗಳ.
'ಇದು ಯಾರಪ್ಪನ ಆಸ್ತಿಯೂ ಅಲ್ಲ. ಇದ್ದರೆ ಇರು,
ಇಲ್ಲದಿದ್ದರೆ ನಿನ್ನ ಪ್ರತಿ ತಗೊಂಡು ನಡಿ.'
ಅದರಾಚೆ ಅವನದು ಒಂದಕ್ಷರವಿಲ್ಲ.
ಇದೊಂದಕ್ಕೆ ಹಳೆ ಪುಟ ತೆರೆದು ನೋಡಲಿಲ್ಲ.
ನೆನಪಿತ್ತಲ್ಲ.
ಬರೆದೆ: ಇದು ಕೊಟ್ರೇಶಿ ಹೇಳಿದ್ದು.

ಹಳೆ ವಿಳಾಸಕ್ಕೆ ಬಾಣ ಬರೆದು, ಬೀಗ ಹಾಕಿ, ಮಲಗಿದೆ.

ಹೊಸ ಜಾಗದ ಮೊದಲ ದೂರು ಸೋಮವಾರ ಬಂತು.
ಹೆಸರು ಓದಿ ಕನ್ನಡಕ ಒರೆಸಿಕೊಂಡೆ.
ನಮಸ್ಕಾರವಿಲ್ಲ, ಚೆನ್ನಾಗಿದ್ದೀಯಾ ಇಲ್ಲ.
'ಬುಧವಾರದ ಆ ಮಾತು ನಾನು ಹೇಳಿದ್ದಲ್ಲ.
ನೀನು ಹೇಳಿದ್ದು. ತಿದ್ದು.'

ತಿದ್ದಿದೆ.
ದೂರು ಮುಚ್ಚುವ ಗುಂಡಿ ಅಲ್ಲೇ ಕೆಳಗಿತ್ತು.
ಒತ್ತಲಿಲ್ಲ.