ಪಾಯಿಂಟ್ ಆರು

ಬೆಟಗೇರಿ ರೈಲ್ವೆ ಗೇಟಿನ ಈಚೆಗೆ ನನ್ನ ಅಂಗಡಿ.
ಫಲಕ ಇಲ್ಲ. ಹಳೇ ರಿಮ್ಮೊಂದು ತೂಗಬಿಟ್ಟೀನಿ,
ಗಾಳಿ ಬಿಟ್ಟಾಗ ತಾನ ತಿರಗತೈತಿ,
ಗುರುತಿನವರು ಬರ್ತಾರ.

ಇವತ್ತ ಬಂದಾಕಿ ಅಸುಂಡಿ ದಾಕ್ಷಾಯಣಿ,
ಹತ್ತನೇ ಇಯತ್ತೆ, ಮಣಕಾಲಿಗೆ ಡಾಂಬರಿನ ಗೀರು.
ಹೆಗಲ ಮ್ಯಾಲ ಉಕ್ಕಿನ ಹಳೇ ರೇಸ್ ಸೈಕಲ್,
ನನಗಿಂತ ನಾಕೇ ವರ್ಷ ಸಣ್ಣದು.
ಕೈಯಾಗ ಯಾರೋ ಕೊಟ್ಟ ಹೊಳಿಯೂ ಹ್ಯಾಂಡಲ್.
"ದಾವಲ್ ಕಾಕಾ, ಇದನ್ನ ಅದಕ್ಕ ಕೂಡಸ್ರಿ.
ಮುಂದಿನ ರವಿವಾರ ರೇಸ್ ಐತಿ."
"ಕೂಡತೈತೇನು?"
"ಕೂಡತೈತಿ. ಸ್ವಲ್ಪ ಅಲಗತೈತಿ ಅಷ್ಟ.
ಅಡ್ಜಸ್ಟ್ ಮಾಡ್ರಿ."

ನಮ್ಮ ಕಡೆ ಬಸ್ಸಿನ ಸೀಟಿಗೂ ಇದ ಮಾತು,
ಮದುವಿ ಊಟದ ಪಂಕ್ತಿಗೂ ಇದ ಮಾತು,
ಹೊಸಾ ಸೊಸಿಗೂ ಇದ ಮಾತು.
ಬೋಲ್ಟಿಗೆ ಮಾತ್ರ ಈ ಮಾತು ತಿಳಿಯೂದಿಲ್ಲ.

ವರ್ನಿಯರ್ ತಗದೆ.
ಹುಬ್ಬಳ್ಳಿ ವರ್ಕಶಾಪಿನಾಗ ಮೂವತ್ತು ವರ್ಷ ಲೇಥ್ ತಿರುಗಿಸಿದ
ಮಹಾರುದ್ರಪ್ಪ ಮಾಸ್ತರು ರಿಟೈರಾದ ದಿನ ಕೊಟ್ಟದ್ದು,
ಮಖಮಲ್ಲಿನ ಪೆಟ್ಟಿಗಿ ಸಮೇತ.
ಚಾಳೀಸ ಏರಿಸಿ ನೋಡಿದೆ:
ಹ್ಯಾಂಡಲಿನ ನಡ ಇಪ್ಪತ್ತೈದು ಪಾಯಿಂಟ್ ನಾಕು,
ಸ್ಟೆಮ್ಮಿನ ಬಾಯಿ ಇಪ್ಪತ್ತಾರು.
ಇನ್ನೊಮ್ಮೆ. ಅಷ್ಟ.
ಮತ್ತೊಮ್ಮೆ. ಅಷ್ಟ.
ನಡುವ ಪಾಯಿಂಟ್ ಆರು,
ಒಂದೊಂದು ಬದಿಗೆ
ಜ್ವಾಳದ ರವದಿ ತೂರೂವಷ್ಟು ಸಂದು.

"ಡಬ್ಬಿ ಪತ್ರಾ ಕತ್ತರಿಸಿ ಒಳಗ ಸುತ್ತಿದ್ರ?"
ಆಕಿ ಕೇಳಿದ್ದು ಅಷ್ಟ.
ನನ್ನ ಕೈ ಸುಮ್ಮಸುಮ್ಮನ ಎಣ್ಣಿ ಅರಿವಿ ಹುಡುಕಿತು.

ಸುತ್ತೀನಿ ತಂಗಿ, ಒಮ್ಮೆ ಸುತ್ತೀನಿ.
ತೊಂಬತ್ತೆಂಟರ ಜನವರಿ, ರಾತ್ರಿ ಹನ್ನೊಂದಕ್ಕ,
ಹಾಸ್ಟೆಲ್ಲಿನ ಬಲ್ಬಿನ ಕೆಳಗ,
ಪೌಡರ್ ಡಬ್ಬಿ, ಹೊಲಿಗಿ ಕತ್ತರಿ.
ಸೈಕಲ್ ಫಕ್ಕೀರೇಶಂದು, ಬುದ್ಧಿ ನಂದು.
ಬೋಲ್ಟ್ ಚೀಂವ್ ಅನ್ನೂತನಾ ಬಿಗದೆ.
"ಗಟ್ಟಿ ಐತಿ ಬಿಡಲೇ" ಅಂದೆ.
ಗಟ್ಟಿ ಇತ್ತು,
ಡೋಣಿ ಇಳಿಜಾರಿನ ತನಕ.

ಕಪ್ಪತಗುಡ್ಡದ ಗಾಳಿ ಬೆನ್ನಿಗಿತ್ತು,
ಆತ ಕೆಳಗಿನ ಕೊಂಬು ಹಿಡದು ಬಗ್ಗಿದ್ದ,
ರಸ್ತೆ ನಡುವ ಒಂದು ತೆಗ್ಗು.
ಹ್ಯಾಂಡಲ್ ಮುರೀಲಿಲ್ಲ. ತಿರಗಿತು ಅಷ್ಟ,
ನಿದ್ದಿಗಣ್ಣಾಗ ಮನಿಷಾ ಮಗ್ಗಲ ಬದಲಿಸಿದಂಗ.
ಹಿಂದಿದ್ದ ನನಗ ಮದಲ ಕಂಡದ್ದು
ಆಕಾಶದಾಗ ತಿರಗೂ ಹಿಂದಿನ ಗಾಲಿ.
ಆಮ್ಯಾಲ ಡಾಂಬರಿನ ಮ್ಯಾಲ ಎರಡು ಹಲ್ಲು.
ಆರಿಸಿಕೊಂಡೆ. ಯಾಕಂತ ಇವತ್ತಿಗೂ ಗೊತ್ತಿಲ್ಲ.
ಬಾಜೂಕ ಪತ್ರಾದ ತುಂಡು,
ಇನ್ನೂ ಪೌಡರಿನ ವಾಸನಿ.

ಫಕ್ಕೀರೇಶ ಯಾರ ಮುಂದೂ ನನ್ನ ಹೆಸರು ಹೇಳಲಿಲ್ಲ.
ಹೇಳಿದ್ದರ ನಾ ಮರೀತಿದ್ನೋ ಏನೋ.

ಇದ್ಯಾವದೂ ಆಕಿಗೆ ಹೇಳಲಿಲ್ಲ. ಹೇಳಿದ್ದು ಇಷ್ಟ:
ದೊಡ್ಡ ಬಾಯಾಗ ಸಣ್ಣದು ಜಾರತೈತಿ.
ಸಣ್ಣ ಬಾಯಿ ಮೀಟಿ ಹಿಗ್ಗಿಸಿ ದೊಡ್ಡದು ತುರುಕಿದ್ರ
ಸೀಳತೈತಿ, ಇವತ್ತಲ್ಲ, ನೀ ಮರತ ದಿನ.
ಉಕ್ಕು ಬಾಗಿ ತಿಳಸತೈತಿ,
ಅಲ್ಯೂಮಿನಿಯಂ ಹೇಳಿ ಮುರಿಯೂದಲ್ಲ.
ಸ್ಟೆಮ್ಮಿನ ಕಾಲಿಗೆ ಗ್ರೀಸ್ ಹಚ್ಚು, ಬಾಯಿ ಒಣಾ ಇರಲಿ.
ಕಾಲಿನ ಮ್ಯಾಲೊಂದು ಗೆರಿ ಕೊರದಾರ ನೋಡು,
ಅದು ಹೊರಗ ಕಂಡ ದಿನ
ನೀ ಮನ್ಯಾಗ ಇರು.

ಆಕಿ ಮಾರಿ ಸಣ್ಣದಾತು.
ಹೊಳಿಯೂ ಹ್ಯಾಂಡಲ್ಲನ್ನ ಲಂಗದ ಮ್ಯಾಲ ಒರಸಿ ಒರಸಿ
ಕೆಳಗಿಟ್ಟಳು.

ವಿಜಯಪುರಕ್ಕ ಫೋನ್ ಹಚ್ಚಿದೆ.
ಅಲ್ಲಿ ಆತ ಈಗ ಹುಡುಗರಿಗೆ ಕಲಸ್ತಾನ,
ಮಾತಾಡಿ ನಾಕು ವರ್ಷ ಆಗಿತ್ತು.
"ಹಳೇ ಹ್ಯಾಂಡಲ್ ಒಂದು ಬೇಕಾಗೈತಿ, ಇಪ್ಪತ್ತಾರಂದು."
ಆ ಕಡೆ ಸ್ವಲ್ಪ ಹೊತ್ತು ಬರೇ ಫ್ಯಾನಿನ ಸಪ್ಪಳ.
"ಅಳದೀ ಏನು?"
"ಮೂರು ಸಲ."
"ನಾಳೆ ಬಸ್ಸಿಗೆ ಹಾಕ್ತೀನಿ."
ಕಟ್ಟಿಸಿದ ಹಲ್ಲಿನ ಸಂದಿಲೆ
ಬಸ್ಸು ಅನ್ನೂದು ಇನ್ನೂ ಸೀಟಿ ಹೊಡಿತೈತಿ.

ಅಷ್ಟರಾಗ ದಾಕ್ಷಾಯಣಿ
ವರ್ನಿಯರ್ ಎತ್ತಿಕೊಂಡು, ಮೆಲ್ಲಗ,
ತನ್ನ ಕಿರಿಬೆರಳು ಅಳೀಲಿಕ್ಕೆ ಹತ್ತಿದ್ಲು.